ದಿಬ್ಬ ಸೋಸುವ ಮುನ್ನ ದಫ್ತರ ತೆರೆಯಿರಿ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೂ ಕೇಂದ್ರದ ಮಾನ್ಯ ಗಣಿ ಸಚಿವರಿಗೂ ನಮಸ್ಕಾರಗಳು.

ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು, ಅಂದರೆ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಗುಡ್ಡೆ ಬಿದ್ದ ಮಣ್ಣನ್ನು, ಮತ್ತೊಮ್ಮೆ ಸೋಸಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹದಿಮೂರು ದಿಬ್ಬ, ಸಾವಿರ ಎಕರೆಗೆ ತುಸು ಮೇಲ್ಪಟ್ಟ ಜಾಗ, ಸುಮಾರು 3.3 ಕೋಟಿ ಟನ್ ಮಣ್ಣು. ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನವಿದ್ದರೂ ಇಂದಿನ ಬೆಲೆಗೆ ಗಿಟ್ಟುತ್ತದೆ ಎಂಬುದು ಲೆಕ್ಕಾಚಾರ. ಆ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಟನ್ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಚಿನ್ನ ಉಳಿದಿದೆ ಎಂದು ಹೇಳಬಲ್ಲ ಸರ್ಕಾರವನ್ನು ಇನ್ನೊಂದು ಲೆಕ್ಕ ಕೇಳಬೇಕಾಗಿದೆ. ಆ ಮಣ್ಣನ್ನು ನೆಲದೊಳಗಿನಿಂದ ಎತ್ತಿ ತಂದವರು ಯಾರು? ಅವರ ಹೆಸರೇನು, ಯಾವ ಊರಿನಿಂದ ಬಂದವರು, ಕೂಲಿಯವರ ಸಾಲುಮನೆಗಳಾದ ಲೈನುಗಳಲ್ಲಿ ಯಾವುದರಲ್ಲಿ ವಾಸವಾಗಿದ್ದರು? ಇಳಿದವರಲ್ಲಿ ಎಷ್ಟು ಮಂದಿ ಮೇಲೆ ಬರಲಿಲ್ಲ? ಮೇಲೆ ಬಂದವರಲ್ಲಿ ಎಷ್ಟು ಮಂದಿ ಕೆಮ್ಮಿ ಕೆಮ್ಮಿ ತೀರಿಕೊಂಡರು?

ಇದು ಯಾರೂ ಬರೆದಿಡದ ಸಂಗತಿಯೇನಲ್ಲ. ಕೂಲಿ ಕೊಡಬೇಕಾದ ಕಡೆ ಹಾಜರಿ ಪುಸ್ತಕ ಇರಲೇಬೇಕು. ಅಪಘಾತವಾದರೆ ಗಣಿ ಕಾನೂನಿನಂತೆ ದಾಖಲಿಸಲೇಬೇಕು. ಆಸ್ಪತ್ರೆಗೆ ಸೇರಿದವರ ಹೆಸರು, ಮನೆ ಹಂಚಿಕೆಯ ಪಟ್ಟಿ, ಭವಿಷ್ಯ ನಿಧಿಯ ಖಾತೆ, ಕೆಲಸ ಬಿಟ್ಟವರಿಗೆ ಕೊಟ್ಟ ಹಣದ ರಸೀದಿ ಎಲ್ಲವೂ ಬರಹದಲ್ಲೇ ನಡೆದದ್ದು. ನೂರಿಪ್ಪತ್ತು ವರ್ಷ ನಡೆದ ಗಣಿಯ ದಫ್ತರವೆಂದರೆ ಅದೂ ಒಂದು ದಿಬ್ಬವೇ. ಮಣ್ಣಿನ ದಿಬ್ಬಕ್ಕೆ ಯಂತ್ರ ಹಚ್ಚುವ ಮುನ್ನ ಈ ಕಾಗದದ ದಿಬ್ಬವನ್ನು ತೆರೆಯಿರಿ ಎಂದು ಕೇಳುವುದಕ್ಕೆ ಈ ಪತ್ರ.

ನಾನು ಗಣಿಗೆ ಇಳಿದವನಲ್ಲ. ರಾಬರ್ಟ್‌ಸನ್ ಪೇಟೆಯಲ್ಲಿ ಗಣಿ ಕಾರ್ಮಿಕರ ಮಕ್ಕಳಿಗೆ, ಆಮೇಲೆ ಅವರ ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮನೆಯಲ್ಲಿ ತಮಿಳು ಅಥವಾ ತೆಲುಗು, ಬೀದಿಯಲ್ಲಿ ಮೂರೂ ಬೆರೆತ ಮಾತು, ಶಾಲೆಯಲ್ಲಿ ಕನ್ನಡ. ನನ್ನ ಶಿಷ್ಯರು ಹೀಗೇ ಬೆಳೆದರು, ಹಳಗನ್ನಡಕ್ಕೆ ಹೆದರಿದಷ್ಟು ಅವರು ಬೇರೆ ಯಾವುದಕ್ಕೂ ಹೆದರಲಿಲ್ಲ. ಒಮ್ಮೆ ‘ನಮ್ಮ ಅಜ್ಜ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆ. ಹುಡುಗನೊಬ್ಬ ಪ್ರಬಂಧದ ಬದಲು ಹಿತ್ತಾಳೆಯ ಬಿಲ್ಲೆಯೊಂದನ್ನು ತಂದು ಮೇಜಿನ ಮೇಲಿಟ್ಟ. ಮೂರು ಬೆರಳಗಲದ ಬಿಲ್ಲೆ, ಮೇಲ್ಗಡೆ ಒಂದು ತೂತು, ನಡುವೆ ಅಚ್ಚೊತ್ತಿದ ಅಂಕಿ. ಅಂಚೆಲ್ಲ ಸವೆದು ನುಣುಪಾಗಿತ್ತು, ಅಂಕಿಗಳ ಸಂದಿಯಲ್ಲಿ ಮಾತ್ರ ಹಳೆಯ ಎಣ್ಣೆ ಜಿಡ್ಡಿನ ಕಪ್ಪು. ಪಾಳಿಗೆ ಇಳಿಯುವಾಗ ತೋರಿಸಬೇಕಾಗಿದ್ದ ಟೋಕನ್ ಅದು. ಅವನ ಮನೆಯಲ್ಲಿ ಅದನ್ನು ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡಿದ್ದರು. ಅಜ್ಜ ಯಾವಾಗ ತೀರಿಕೊಂಡರು, ಗಣಿಗೆ ಇಳಿಯುವ ಬಾವಿಗಳಾದ ಶಾಫ್ಟುಗಳಲ್ಲಿ ಯಾವುದರಲ್ಲಿ ಕೆಲಸ ಮಾಡುತ್ತಿದ್ದರು, ಎಷ್ಟು ವರ್ಷ ದುಡಿದರು ಎಂದು ಕೇಳಿದರೆ ಹುಡುಗನಿಗೂ ಗೊತ್ತಿಲ್ಲ, ಅವನ ತಂದೆಗೂ ಸರಿಯಾಗಿ ಗೊತ್ತಿಲ್ಲ. ಅಂಕಿ ಮಾತ್ರ ಗೊತ್ತು. ಆ ಅಂಕಿಯ ಎದುರಿಗೆ ಉಳಿದದ್ದೆಲ್ಲ ಬರೆದಿರುವ ಪುಸ್ತಕ ಒಂದು ಕಡೆ ಇದ್ದಿರಲೇಬೇಕು. ಅದು ಇಂದು ಎಲ್ಲಿದೆ?

ಈ ಊರಿನ ಕಥೆ ಹೇಳುವವರು ಸಾಮಾನ್ಯವಾಗಿ ದೊರೆಗಳಿಂದ ಶುರು ಮಾಡುತ್ತಾರೆ. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಇಲ್ಲಿನ ಹೊಲಗಳಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ತಿಳಿಯಿತು. ಆತ ಇನಾಮು ಸಾರಿದಾಗ ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ವಾರನ್‌ನ ವರದಿ ಅಚ್ಚಾಯಿತು. ಅದನ್ನು 1871ರಲ್ಲಿ ಓದಿದವನು ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲವೆಲ್. ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಬಂದು ಸುತ್ತಾಡಿದ, ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ ಪರವಾನಗಿ ಪಡೆದ. ಕೈಯಲ್ಲಿ ಬಂಡವಾಳ ಸಾಲದೆ ಹಕ್ಕನ್ನು ಬೇರೆಯವರಿಗೆ ವಹಿಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಗಣಿ ಗಣಿಯಾಯಿತು. ಲವೆಲ್ ಹೆಸರು ಬೆಂಗಳೂರಿನ ದುಬಾರಿ ರಸ್ತೆಯೊಂದಕ್ಕೆ ಉಳಿದಿದೆ. ಬ್ರಿಟಿಷ್ ರೆಸಿಡೆಂಟರ ಹೆಸರು ರಾಬರ್ಟ್‌ಸನ್ ಪೇಟೆಗೆ ಉಳಿದಿದೆ. ಶಾಫ್ಟುಗಳಿಗೆ ಗಿಫರ್ಡ್, ಹೆನ್ರಿ, ಎಡ್ಗರ್, ಆಸ್ಬರ್ನ್. ವಾರನ್‌ನ ಮುಂದೆ ಮಣ್ಣು ತೊಳೆದು ತೋರಿಸಿದ ಹಳ್ಳಿಯವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಬಿಡಿ, ಅದು ಎರಡು ಶತಮಾನದ ಹಿಂದಿನ ಮಾತು. ಆದರೆ 1970ರಲ್ಲಿ, 1990ರಲ್ಲಿ ಸ್ವತಂತ್ರ ಭಾರತದ ಸರ್ಕಾರಿ ಕಂಪನಿಯಲ್ಲಿ ದುಡಿದವರದೂ ಅದೇ ಪಾಡಾದರೆ ಅದಕ್ಕೆ ದೊರೆಗಳನ್ನು ದೂರಿ ಪ್ರಯೋಜನವಿಲ್ಲ.

ಟೇಲರ್ ಕಂಪನಿಯ ಹಳೆಯ ಕಥೆಯಲ್ಲೂ ಒಂದು ಮರೆತ ಪುಟವಿದೆ. ಆರಂಭದಲ್ಲಿ ಹಾಕಿದ ದುಡ್ಡೆಲ್ಲ ಮಣ್ಣುಪಾಲಾಗಿ ಕಂಪನಿ ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ಕೈ ಹಿಡಿದದ್ದು ಪುರಾತನರು ತೋಡಿ ಬಿಟ್ಟುಹೋಗಿದ್ದ ಗುಂಡಿಗಳು. ಅವುಗಳ ತಳವನ್ನು ದಾಟಿ ಇಳಿದಾಗ ಚಾಂಪಿಯನ್ ಲೋಡ್ ಎಂಬ ಸಮೃದ್ಧ ಪದರ ಸಿಕ್ಕಿತು. ಯಂತ್ರವಿಲ್ಲದ ಕಾಲದಲ್ಲಿ, ಬೆಂಕಿ ಹಾಕಿ ಬಂಡೆ ಕಾಯಿಸಿ ನೀರೆರೆದು ಸೀಳಿ ನೂರಾರು ಅಡಿ ಇಳಿದ ಜನ ನಮ್ಮ ಸೀಮೆಯಲ್ಲಿದ್ದರು. ಇಂಗ್ಲಿಷ್ ಎಂಜಿನಿಯರ್ ಆ ಗುಂಡಿಯ ಮೇಲೆ ನಿಂತು ಊರಿಗೆ ದೊಡ್ಡವನಾದ.

ಗಣಿ ಬೆಳೆದಂತೆ ಜನ ಬಂದರು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ, ಬಹುಪಾಲು ದಲಿತರು. ಜಮೀನ್ದಾರನ ಜೀತಕ್ಕಿಂತ ಪಾತಾಳದ ಕೂಲಿ ಮೇಲು ಎಂದು ಬಂದವರು. ನೆಲದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ‘ಪುಟ್ಟ ಇಂಗ್ಲೆಂಡ್’ ಎಂದು ಪತ್ರಿಕೆಗಳು ಇಂದಿಗೂ ಬರೆಯುವುದು ಇದನ್ನೇ. ಕೂಲಿಯವರಿಗೆ ಬಿದಿರಿನ ತಟ್ಟಿಯ ಗುಡಿಸಲುಗಳ ಸಾಲು. ಅದೇ ‘ಲೈನು’. ತಟ್ಟಿ ಹೋಗಿ ಗೋಡೆ ಬಂದರೂ ಒಂದೇ ಕೋಣೆಯ ಅಳತೆ ಬಹಳ ಕಾಲ ಬದಲಾಗಲಿಲ್ಲ. ಒಂದು ಪಾಳಿಯವರು ಎದ್ದು ಹೋದ ಜಾಗದಲ್ಲಿ ಇನ್ನೊಂದು ಪಾಳಿಯವರು ಮಲಗುವುದು, ಹೆಂಗಸರು ಸೈರನ್ ಕೇಳಿ ಒಲೆ ಹಚ್ಚುವುದು, ಇದೆಲ್ಲ ನನ್ನ ಶಿಷ್ಯರ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದ ಮಾತುಗಳು.

ಮೈಸೂರು ಸಂಸ್ಥಾನ ಚಿನ್ನದ ಮೇಲೆ ನೂರಕ್ಕೆ ಐದರಂತೆ ರಾಜಧನ ಪಡೆಯುತ್ತಿತ್ತು. ‘ಮಾದರಿ ಮೈಸೂರು’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ರಾಜ್ಯದ ಬೊಕ್ಕಸಕ್ಕೆ ಈ ಲೈನುಗಳ ಬೆವರು ಹರಿದಿದೆ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿದ್ದೂ ಈ ಗಣಿಗಾಗಿಯೇ. ದಿವಾನ್ ಶೇಷಾದ್ರಿ ಅಯ್ಯರ್ ಮುಂದೆ ನಿಂತು ಹಾಕಿಕೊಂಡ ಯೋಜನೆ ಅದು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೆಜಿಎಫ್ ತಲುಪಿದ ಆ ವಿದ್ಯುತ್ತನ್ನು ನೋಡಲು ದಿವಾನರು ಬದುಕಿರಲಿಲ್ಲ. ಅಂದಿನ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ವಿಧಾನಸೌಧದ ದೀಪಾಲಂಕಾರ ನೋಡಿ ನಲಿಯುವ ನಾವು ನೆನಪಿಡಬೇಕಾದದ್ದು, ನಮ್ಮ ಬೆಳಕು ಕೆಜಿಎಫ್‌ನ ಪಂಕ್ತಿಯಲ್ಲಿ ಎರಡನೆಯ ಸಾಲಿನಲ್ಲಿ ಕುಳಿತು ಉಂಡದ್ದು.

ಇದನ್ನು ಹೇಳುವುದಕ್ಕೆ ಕಾರಣವಿದೆ. ‘ಅದು ತಮಿಳರ ಊರು’ ಎಂಬ ಮಾತನ್ನು ಬೆಂಗಳೂರಿನ ಕಚೇರಿಗಳಲ್ಲಿ ನಾನು ಸಾಕಷ್ಟು ಕೇಳಿದ್ದೇನೆ. ಕನ್ನಡ ಮೇಷ್ಟರ ಬಾಯಿಂದ ಇದಕ್ಕೆ ಉತ್ತರ ಬರಲಿ: ನಾಲ್ಕೈದು ತಲೆಮಾರು ಕರ್ನಾಟಕದ ನೆಲದೊಳಗೇ ಇಳಿದು ದುಡಿದವರಿಗಿಂತ ಈ ನೆಲದವರು ಇನ್ಯಾರಿದ್ದಾರೆ? ಸಂಸ್ಥಾನದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರು ಹುಟ್ಟಿದ ಕ್ಯಾಸಂಬಳ್ಳಿ ಇದೇ ತಾಲ್ಲೂಕಿನದು. ಅದನ್ನು ಹೇಳಿ ಅಭಿಮಾನಪಡುವಾಗ ಪಕ್ಕದ ಗಣಿ ಕಾರ್ಮಿಕರ ಮಾರಿಕುಪ್ಪಂ ಬೇರೆ ದೇಶವಾಗುವುದು ಹೇಗೆ?

ಇನ್ನು ನೆಲದೊಳಗಿನ ಮಾತು. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ಊದದಿದ್ದರೆ ನಿಲ್ಲಲೂ ಆಗದು. ಆದರೆ ಬಿಸಿಗಿಂತ ಜನ ಹೆದರಿದ್ದು ‘ಏರ್ ಬ್ಲಾಸ್ಟ್’ ಎಂದು ಕರೆಯುತ್ತಿದ್ದ ಬಂಡೆ ಸಿಡಿತಕ್ಕೆ. ಅಷ್ಟು ಆಳದಲ್ಲಿ ಕಲ್ಲು ತೆಗೆದು ಟೊಳ್ಳು ಮಾಡಿದರೆ ಸುತ್ತಲಿನ ಬಂಡೆಯ ಮೇಲೆ ಒತ್ತಡ ಏರುತ್ತದೆ. ತಡೆಯಲಾರದ ಒಂದು ಗಳಿಗೆಯಲ್ಲಿ ಅದು ಸಿಡಿದು ಸುರಂಗವನ್ನೇ ತುಂಬಿಬಿಡುತ್ತದೆ. ಮುನ್ಸೂಚನೆ ಇಲ್ಲ, ಹೊಗೆಯಿಲ್ಲ, ಬೆಂಕಿಯಿಲ್ಲ. ಮೇಲೆ ಲೈನಿನ ಮನೆಗಳಲ್ಲಿ ನೆಲ ಅದುರಿ ಪಾತ್ರೆಗಳು ಕೆಳಗೆ ಬೀಳುತ್ತಿದ್ದವು. ಪಾತ್ರೆ ಬಿದ್ದ ಸದ್ದಿಗೆ ಹೆಂಗಸರು ಒಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು, ಆಳುಗಳನ್ನು ಇಳಿಸಿ ಏರಿಸುವ ಕೇಜು ಮೇಲೆ ಬಂದಾಗ ಯಾರ ಮುಖ ಕಾಣುತ್ತದೆ, ಯಾರದು ಕಾಣುವುದಿಲ್ಲ ಎಂದು ನೋಡಲು. ಈ ಸಿಡಿತಗಳನ್ನು ಅಭ್ಯಾಸ ಮಾಡಿ ಜಗತ್ತಿನ ಶಿಲಾ ವಿಜ್ಞಾನ ಬಹಳಷ್ಟು ಕಲಿತಿದೆ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಕೆಜಿಎಫ್‌ನಲ್ಲೇ. ಒಂದೊಂದು ಸಿಡಿತವೂ ಯಾವ ಆಳದಲ್ಲಿ, ಎಷ್ಟು ತೀವ್ರತೆಯಲ್ಲಿ ಆಯಿತು ಎಂದು ಭೂಕಂಪ ಮಾಪಕಗಳು ಗುರುತು ಹಾಕಿವೆ. ಅದರಡಿ ಸಿಕ್ಕಿದವರ ಹೆಸರನ್ನು ಗುರುತು ಹಾಕಿದ ಪುಸ್ತಕ ಸಾರ್ವಜನಿಕರ ಕಣ್ಣಿಗೆ ಬೀಳಲಿ ಎಂದರೆ ಅತಿಯಾಸೆಯೇ?

ಸಿಡಿತಕ್ಕೆ ಸಿಕ್ಕವರು ಒಮ್ಮೆಗೆ ಹೋದರು. ದೂಳಿಗೆ ಸಿಕ್ಕವರು ಹತ್ತು ಹದಿನೈದು ವರ್ಷ ತೆಗೆದುಕೊಂಡು ಹೋದರು. ಸಿಲಿಕೋಸಿಸ್ ಎಂಬ ಕಾಯಿಲೆ ಭಾರತದಲ್ಲಿ ವೈದ್ಯಕೀಯವಾಗಿ ಮೊದಲು ದಾಖಲಾದದ್ದು ಕೋಲಾರದ ಈ ಗಣಿಗಳಲ್ಲೇ, 1940ರ ದಶಕದಲ್ಲಿ. ಸ್ಫಟಿಕ ಶಿಲೆಯ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಔಷಧಿಗೂ ಬಗ್ಗುವುದಿಲ್ಲ. ಕ್ಷಯವೆಂದು ಬರೆದು ಕಳಿಸಿದ್ದೆಷ್ಟೋ, ವಯಸ್ಸಾಯಿತೆಂದು ಸಮಾಧಾನ ಹೇಳಿದ್ದೆಷ್ಟೋ. ಚಾಂಪಿಯನ್ ರೀಫ್‌ನಲ್ಲಿದ್ದ ಗಣಿಯ ದೊಡ್ಡ ಆಸ್ಪತ್ರೆಯ ವಾರ್ಡುಗಳು ಇಂದು ಪಾಳು. ಎಕ್ಸ್-ರೇ ತೆಗೆದ ಕಾಲದ ದಾಖಲೆಗಳು ಸಿಕ್ಕರೆ ಒಂದು ಊರಿನ ಮೂರು ತಲೆಮಾರಿನ ಉಸಿರಿನ ಚರಿತ್ರೆ ಅಲ್ಲಿ ಸಿಗುತ್ತದೆ. ಇಂದಿಗೂ ಕೆಮ್ಮುತ್ತಿರುವ ಮಾಜಿ ಕಾರ್ಮಿಕನಿಗೆ ಅದು ಚರಿತ್ರೆ ಮಾತ್ರವಲ್ಲ, ಪರಿಹಾರದ ಅರ್ಜಿಗೆ ಲಗತ್ತಿಸಬೇಕಾದ ಕಾಗದ.

ಈ ಜನ ಮೌನವಾಗಿ ದುಡಿದು ಸತ್ತರು ಎಂದು ತಾವು ಭಾವಿಸಬಾರದು. ಚಿನ್ನದ ಕಳವಿನ ಭಯದಲ್ಲಿ ಕಂಪನಿ ಪಾಳಿ ಮುಗಿಸಿ ಬಂದವರ ಮೈ ತಡಕುತ್ತಿತ್ತು. 1930ರಲ್ಲಿ ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ತೆಗೆದುಕೊಳ್ಳುತ್ತೇವೆ ಎಂದಿತು. ಬೆರಳಚ್ಚು ಕೊಡುವುದು ಕಳ್ಳರು, ನಾವು ಕಳ್ಳರಲ್ಲ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಸಂಘಟನೆಯ ಬಲವಿಲ್ಲದ ಕಾಲದಲ್ಲಿ, ಉಪವಾಸ ಬಿದ್ದು ವಾರಗಟ್ಟಲೆ ನಡೆದ ಆ ಮುಷ್ಕರವನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲೂ ಹೇಳುವುದಿಲ್ಲ. ಅದೇ ವರ್ಷದ ಉಪ್ಪಿನ ಸತ್ಯಾಗ್ರಹ ನನ್ನ ಶಾಲೆಯ ಮಕ್ಕಳಿಗೆ ಬಾಯಿಪಾಠ, ಅವರ ಮುತ್ತಜ್ಜನ ಮುಷ್ಕರ ಗೊತ್ತಿಲ್ಲ. ಮುಂದೆ ಕೆ.ಎಸ್. ವಾಸನ್ ಮೊದಲಾದವರು ಎಡಪಂಥೀಯ ಕಾರ್ಮಿಕ ಸಂಘ ಕಟ್ಟಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಸ್ವಾತಂತ್ರ್ಯಕ್ಕೆ ಇನ್ನು ಒಂದು ವರ್ಷವೂ ಇರಲಿಲ್ಲ. ವಿದುರಾಶ್ವತ್ಥ ಕೆಜಿಎಫ್‌ನಿಂದ ಬಹಳ ದೂರವೇನಲ್ಲ. ಅಲ್ಲಿ ಗುಂಡಿಗೆ ಬಿದ್ದವರಿಗೆ ಸ್ಮಾರಕ ಕಟ್ಟಿ ವರ್ಷ ವರ್ಷ ನೆನೆಯುವ ಸರ್ಕಾರ ಇಲ್ಲಿ ಬಿದ್ದವರನ್ನೂ ನೆನೆಯಬಹುದಿತ್ತು.

ಲೈನುಗಳಲ್ಲಿ ಇನ್ನೊಂದು ಬಗೆಯ ಎಚ್ಚರವೂ ಇತ್ತು, ನನಗೆ ಬಹಳ ಪ್ರಿಯವಾದ ಅಧ್ಯಾಯ ಅದು. ಅಂಬೇಡ್ಕರ್ ಅವರು 1956ರಲ್ಲಿ ಬೌದ್ಧ ದೀಕ್ಷೆ ಪಡೆಯುವುದಕ್ಕೆ ಅರ್ಧ ಶತಮಾನದ ಹಿಂದೆಯೇ ಮದರಾಸಿನ ದಲಿತ ಚಿಂತಕ ಅಯೋತಿ ದಾಸ ಪಂಡಿತರ ಬೌದ್ಧ ಸಂಘಕ್ಕೆ ಕೆಜಿಎಫ್‌ನಲ್ಲಿ ಶಾಖೆ ಇತ್ತು. ಪಾತಾಳದಲ್ಲಿ ಎಂಟು ಗಂಟೆ ಬಂಡೆ ಕೊರೆದು ಬಂದವರು ಸಂಜೆ ಸ್ನಾನ ಮಾಡಿ ಬುದ್ಧ ವಿಹಾರದಲ್ಲಿ ಕೂತು ಪ್ರವಚನ ಕೇಳುತ್ತಿದ್ದರು, ಜಾತಿಯ ಮೂಲದ ಬಗ್ಗೆ ವಾದ ಮಾಡುತ್ತಿದ್ದರು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ ನಿಂತುಹೋಗಿದ್ದ ಅವರ ‘ತಮಿಳನ್’ ಪತ್ರಿಕೆಗೆ ಮತ್ತೆ ಜೀವ ಕೊಟ್ಟವರು ಇದೇ ಊರಿನ ಜಿ. ಅಪ್ಪಾದೊರೈ. ಪುಸ್ತಕಗಳು ಅಚ್ಚಾದವು, ರಾತ್ರಿ ಶಾಲೆಗಳು ನಡೆದವು. ಕರ್ನಾಟಕದ ದಲಿತ ಚಳವಳಿಯ ಚರಿತ್ರೆಯನ್ನು 1970ರ ದಶಕದಿಂದ ಆರಂಭಿಸುವ ಕನ್ನಡದ ವಿದ್ವಾಂಸರು ಒಮ್ಮೆ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಇತ್ತ ಬರಬೇಕು. ಭಾಷೆ ತಮಿಳಾಗಿದ್ದಕ್ಕೆ ಅದು ನಮ್ಮ ಚರಿತ್ರೆಯಲ್ಲ ಎನ್ನುವುದಾದರೆ ನಮ್ಮ ಚರಿತ್ರೆ ಅಷ್ಟರಮಟ್ಟಿಗೆ ಬಡವಾಯಿತು.

ವಿಜ್ಞಾನದ ಮಾತೂ ಒಂದಿದೆ. ಆಕಾಶದಿಂದ ಬರುವ ಕಣಗಳ ಗದ್ದಲವೆಲ್ಲ ಬಂಡೆಯಲ್ಲಿ ಅಡಗಿಹೋಗುವಷ್ಟು ಆಳ ಬೇಕೆಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇಲ್ಲಿಗೆ ಬಂದರು. ಎಂ.ಜಿ.ಕೆ. ಮೆನನ್, ನಂಜನಗೂಡಿನ ಕಡೆಯವರಾದ ಬಿ.ವಿ. ಶ್ರೀಕಂಠನ್ ಮೊದಲಾದವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆಗೂಡಿ ನಡೆಸಿದ ಪ್ರಯೋಗ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳನ್ನು ಗುರುತಿಸಿತು. ಜಗತ್ತಿನಲ್ಲಿ ಅಂಥ ಮೊದಲ ಪ್ರಯೋಗಗಳಲ್ಲಿ ಅದೊಂದು. ಆ ಉಪಕರಣಗಳು ಪಾತಾಳಕ್ಕೆ ಇಳಿದದ್ದು ಕಾರ್ಮಿಕರು ಇಳಿಯುತ್ತಿದ್ದ ಕೇಜಿನಲ್ಲೇ, ಕಾರ್ಮಿಕರ ಹೆಗಲ ಮೇಲೆಯೇ.

ಗಣಿ ಮುಚ್ಚಿದ ಕಥೆ ತಮ್ಮ ಕಡತಗಳಲ್ಲಿ ಇರುವುದರಿಂದ ಚುಟುಕಾಗಿ ಹೇಳುತ್ತೇನೆ. 1956ರಲ್ಲಿ ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಆಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ ಬಂದಿತ್ತು, ಆಳ ಹೆಚ್ಚುತ್ತಾ ಖರ್ಚು ಏರಿತ್ತು, ಅದು ನಿಜ. ಆದರೆ ತೆಗೆದ ಚಿನ್ನವನ್ನು ಬಹಳ ಕಾಲ ಪೇಟೆ ಬೆಲೆಗಲ್ಲ, ಅದಕ್ಕಿಂತ ಎಷ್ಟೋ ಕಡಿಮೆಯ ಅಂತರರಾಷ್ಟ್ರೀಯ ಅಧಿಕೃತ ದರಕ್ಕೆ ಸರ್ಕಾರಕ್ಕೇ ಒಪ್ಪಿಸಬೇಕಾಗಿತ್ತು ಎಂಬುದೂ ನಿಜ. ಅಗ್ಗಕ್ಕೆ ಕೊಂಡವರೇ ನಷ್ಟವಾಯಿತೆಂದು ಷರಾ ಬರೆದರು. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಅಲ್ಲಿಯವರೆಗೆ ಸುಮಾರು 800 ಟನ್ ಚಿನ್ನ ಮೇಲೆ ಬಂದಿತ್ತು. ಅಂದು ಹತ್ತು ಗ್ರಾಂ ಚಿನ್ನಕ್ಕೆ ಐದು ಸಾವಿರ ರೂಪಾಯಿಯೂ ಇರಲಿಲ್ಲ, ಈಗ ಲಕ್ಷ ದಾಟಿದೆ. ನಾವೇ ಸಹಕಾರ ಸಂಘ ಮಾಡಿಕೊಂಡು ಗಣಿ ನಡೆಸುತ್ತೇವೆ ಎಂದು ಕಾರ್ಮಿಕರು ಕೇಳಿಕೊಂಡರು. ಮಾತು ನ್ಯಾಯಾಲಯದ ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರಿತು, ಅಷ್ಟರಲ್ಲಿ ನೀರು ಸುರಂಗಗಳಲ್ಲಿ ಅಂತಸ್ತಿನಿಂದ ಅಂತಸ್ತಿಗೆ ಏರಿತು.

ಗಣಿ ನಿಂತ ಮೇಲೆ ಊರು ರೈಲು ಹತ್ತಿತು. 1894ರಲ್ಲಿ ಚಿನ್ನಕ್ಕಾಗಿ ಹಾಕಿದ ಹಳಿ ಇದು. ಇಂದು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಿಂದ ಬೆಳಕು ಹರಿಯುವ ಮುನ್ನವೇ ಸಾವಿರಾರು ಮಂದಿ ಬೆಂಗಳೂರಿಗೆ ಹೊರಡುತ್ತಾರೆ. ಅಲ್ಲಿ ಕಾವಲುಗಾರರು, ಗಾರೆ ಕೆಲಸದವರು, ಅಂಗಡಿಯಲ್ಲಿ ನಿಲ್ಲುವವರು, ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರು. ರಾತ್ರಿ ಹತ್ತರ ಹೊತ್ತಿಗೆ ಅದೇ ರೈಲಿನಲ್ಲಿ ವಾಪಸು. ಮಕ್ಕಳ ಮುಖವನ್ನು ಭಾನುವಾರ ಮಾತ್ರ ಎಚ್ಚರದಲ್ಲಿ ನೋಡುವ ತಂದೆ ತಾಯಂದಿರು ಪೋಷಕರ ಸಭೆಗೆ ಅಜ್ಜಿಯರನ್ನು ಕಳಿಸುತ್ತಿದ್ದರು. ಅಜ್ಜಿಯರು ನನ್ನ ಜೊತೆ ತಮಿಳಿನಲ್ಲಿ ಜಗಳವಾಡಿ, ಕನ್ನಡದಲ್ಲಿ ಸಹಿ ಹಾಕಿ ಹೋಗುತ್ತಿದ್ದರು.

ಬೇಸಿಗೆಯ ಗಾಳಿಗೆ ದಿಬ್ಬದ ಬಿಳಿ ದೂಳು ಎದ್ದು ಲೈನುಗಳ ಮೇಲೆ ಬೀಳುತ್ತದೆ. ಒಣಗಲು ಹಾಕಿದ ಬಟ್ಟೆ, ನೀರಿನ ಕೊಡ, ಹಪ್ಪಳ ಯಾವುದನ್ನೂ ಅದು ಬಿಡುವುದಿಲ್ಲ. ಸಿನಿಮಾ ಬಂದ ಮೇಲೆ ದಿಬ್ಬದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಹೊರಗಿನವರು ಬರುತ್ತಾರೆ. ಕತ್ತಿ, ಕೊಡಲಿ, ಗಡ್ಡದ ಕೆಜಿಎಫ್ ಹುಡುಕಿಕೊಂಡು ಬಂದವರಿಗೆ ಟಿಫಿನ್ ಡಬ್ಬಿ ಹಿಡಿದು ರೈಲಿಗೆ ಓಡುವ ಕೆಜಿಎಫ್ ಕಂಡು ನಿರಾಸೆಯಾಗುತ್ತದೆ.

ಈಗ ನನ್ನ ಕೋರಿಕೆ. ಗಣಿಯ ಹಳೆಯ ದಾಖಲೆಗಳು ಕೇಂದ್ರದ ಸ್ವತ್ತೋ ರಾಜ್ಯದ ಸ್ವತ್ತೋ ಎಂದು ತಾವಿಬ್ಬರೂ ಚರ್ಚಿಸುವಾಗ ಗೆದ್ದಲು ವ್ಯಾಪ್ತಿಯ ಪ್ರಶ್ನೆ ಎತ್ತುವುದಿಲ್ಲ. ಆದ್ದರಿಂದ ಮೊದಲು ಯಾವ ಕಟ್ಟಡದಲ್ಲಿ ಏನಿದೆ ಎಂಬ ಪಟ್ಟಿಯನ್ನು ಮಾಡಿಸಿ, ಅದನ್ನು ಪ್ರಕಟಿಸಿ. ರಾಜ್ಯ ಪತ್ರಾಗಾರ ಇಲಾಖೆಗೆ ಈ ಕೆಲಸ ತಿಳಿದಿದೆ. ಹಾಜರಿ ಪುಸ್ತಕ, ಅಪಘಾತದ ಪುಸ್ತಕ, ಆಸ್ಪತ್ರೆಯ ಪುಸ್ತಕ, ಮನೆ ಹಂಚಿಕೆಯ ಪುಸ್ತಕ, ಈ ನಾಲ್ಕನ್ನು ಮೊದಲು ಸ್ಕ್ಯಾನ್ ಮಾಡಿಸಿ. ಅವುಗಳನ್ನು ಬೆಂಗಳೂರಿಗೋ ದೆಹಲಿಗೋ ಸಾಗಿಸಬೇಡಿ. ಕೆಜಿಎಫ್‌ನಲ್ಲೇ ಒಂದು ಓದುವ ಕೋಣೆ ಸಾಕು. ಪಾಳು ಬೀಳುತ್ತಿರುವ ಗಣಿ ಕಟ್ಟಡಗಳಿಗೇನೂ ಇಲ್ಲಿ ಬರವಿಲ್ಲ. ಟೋಕನ್ ಅಂಕಿ ಹಿಡಿದು ಬಂದ ಮೊಮ್ಮಗಳಿಗೆ ಕನ್ನಡದಲ್ಲೋ ತಮಿಳಿನಲ್ಲೋ ಕೇಳಿದ ಕಾಗದದ ದೃಢೀಕೃತ ನಕಲು ಸಿಗುವಂತಿರಬೇಕು. ಮನೆಯ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಕುಟುಂಬಕ್ಕೆ ಯಾರ ಹೆಸರಿಗೆ, ಯಾವಾಗ ಹಂಚಿಕೆಯಾಗಿತ್ತು ಎಂಬ ಒಂದು ಸಾಲು ಸಿಕ್ಕರೂ ಅರ್ಧ ಕೆಲಸ ಆದಂತೆ. ನೆಲದೊಳಗೆ ಸತ್ತವರ ಪಟ್ಟಿಯನ್ನು ಗಣಿವಾರು, ವರ್ಷವಾರು ಅಚ್ಚು ಹಾಕಿಸಿ ಊರಿಗೆ ಕೊಡಿ. ದಿಬ್ಬ ಕೆದಕುವ ಗುತ್ತಿಗೆಯ ಷರತ್ತುಗಳಲ್ಲಿ ಇವನ್ನೂ, ಸುತ್ತಲಿನ ಲೈನುಗಳ ಜನರ ಶ್ವಾಸಕೋಶ ತಪಾಸಣೆಯನ್ನೂ ಸೇರಿಸಿ. ಮಣ್ಣು ಸೋಸಲು ಬರುವ ಕಂಪನಿಗೆ ಇದು ಭಾರವಾದ ಖರ್ಚಲ್ಲ.

ಇದಕ್ಕೆ ಅವಸರ ಏಕೆ ಎಂದರೆ, ಆ ಪುಸ್ತಕಗಳನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹಾಜರಿ ಪುಸ್ತಕದ ಸಂಕ್ಷೇಪಾಕ್ಷರಗಳು, ಶಾಫ್ಟು ಮತ್ತು ಅಂತಸ್ತಿನ ಸಂಕೇತಗಳು, ಇಂಗ್ಲಿಷಿನಲ್ಲಿ ತಪ್ಪಾಗಿ ಬರೆದ ತಮಿಳು ತೆಲುಗು ಹೆಸರುಗಳು ಹೊರಗಿನಿಂದ ಬಂದ ಗುತ್ತಿಗೆದಾರನ ಹುಡುಗರಿಗೆ ತಿಳಿಯುವಂಥವಲ್ಲ. ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ಲ್ಯಾಂಪ್ ರೂಮಿನಲ್ಲಿ ಟೋಕನ್ ನೋಡುತ್ತಿದ್ದವರು, ಮೇಸ್ತ್ರಿಗಳು, ಆಸ್ಪತ್ರೆಯ ಕಂಪೌಂಡರುಗಳು ಇನ್ನೂ ಕೆಲವರು ಊರಿನಲ್ಲಿದ್ದಾರೆ. ಎಲ್ಲರೂ ಎಪ್ಪತ್ತು ದಾಟಿದವರು, ಕೆಲವರು ಎಂಬತ್ತು. ಅವರಿಗೆ ದಿನಗೂಲಿ ಗೊತ್ತುಪಡಿಸಿ, ಕುರ್ಚಿ ಮೇಜು ಹಾಕಿ, ಪಕ್ಕದಲ್ಲಿ ಕಂಪ್ಯೂಟರ್ ಬಲ್ಲ ಊರಿನ ಹುಡುಗ ಹುಡುಗಿಯರನ್ನು ಕೂರಿಸಿದರೆ ಕೆಲಸ ಸಾಗುತ್ತದೆ. ಆ ಮಕ್ಕಳಿಗೆ ಬೆಳಗಿನ ರೈಲು ಹತ್ತುವುದೂ ತಪ್ಪುತ್ತದೆ. ಹೆಸರುಗಳ ಕನ್ನಡ ಕಾಗುಣಿತ ತಿದ್ದಲು ಒಬ್ಬ ಮೇಷ್ಟರು ಬೇಕಾದರೆ ನಾನಿದ್ದೇನೆ, ನನಗೆ ಕೂಲಿ ಬೇಡ. ಈ ಆರ್ಥಿಕ ವರ್ಷದೊಳಗೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ
ರಾಬರ್ಟ್‌ಸನ್ ಪೇಟೆ, ಕೆಜಿಎಫ್